ನಡಿಗೆಯಿಂದ ಅಚ್ಚಿನವರೆಗೆ: ಧ್ಯಾನ, ಕಾಡುದಾರಿ, ಕವಿತೆ, ಲಿನೋಕಟ್ ಒಟ್ಟಿಗೆ ಮಾಡುವುದು ಹೇಗೆ?

ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಕಾಡಿನಲ್ಲಿ ನಡೆಯುತ್ತೇನೆ, ಒಂದಿಷ್ಟು ಧ್ಯಾನ ಮಾಡುತ್ತೇನೆ, ಆಗಾಗ ನಾಲ್ಕು ಸಾಲು ಬರೆಯುತ್ತೇನೆ, ಅಚ್ಚು ಕೆತ್ತುವ ಆಸೆಯೂ ಇದೆ. ಇವನ್ನೆಲ್ಲ ಒಂದೇ ಕೆಲಸವಾಗಿ ಹೆಣೆಯುವುದು ಹೇಗೆ?" ಇದರ ಬೆನ್ನಿಗೇ ಇನ್ನೊಂದು ಬರುತ್ತದೆ: "ಅದಕ್ಕೆ ಬೌದ್ಧನಾಗಿರಬೇಕೇ?"

ಎರಡನೆಯದಕ್ಕೆ ಉತ್ತರ ಚಿಕ್ಕದು. ಬೇಕಿಲ್ಲ. ಬುದ್ಧ ಹೇಳಿದ ನಡಿಗೆಯ ಅಭ್ಯಾಸ ಯಾರು ಮಾಡಿದರೂ ನಡೆಯುತ್ತದೆ. ಆದರೆ ಬುದ್ಧನ ಮುಖ, ತಾವರೆ, ಬೋಧಿ ಎಲೆ ಇವನ್ನು ಅಲಂಕಾರಕ್ಕೆ ಎಳೆದು ತರಬೇಡಿ. ನೀವು ನಡೆದ ದಾರಿಯಲ್ಲಿ ಅವು ಇರಲಿಲ್ಲ ಅಂದಮೇಲೆ ಅಚ್ಚಿನಲ್ಲೂ ಇರಬೇಕಾಗಿಲ್ಲ.

ಮೊದಲನೆಯದಕ್ಕೆ ಉತ್ತರ ಉದ್ದವಿದೆ. ಈ ಲೇಖನ ಅದಕ್ಕಾಗಿಯೇ. ಇಲ್ಲಿ ಅಚ್ಚು ಅಂದರೆ ಲಿನೋಕಟ್: ಲಿನೋ ಎಂಬ ಹಾಳೆಯಲ್ಲಿ ಚಿತ್ರ ಕೆತ್ತಿ, ಶಾಯಿ ಬಳಿದು, ಕಾಗದಕ್ಕೆ ಒತ್ತಿ ತೆಗೆಯುವುದು. ಮೊದಲೇ ಒಂದು ಮಾತು. ನಾಲ್ಕನ್ನೂ ಒಟ್ಟಿಗೆ ಮಾಡಲು ಹೋದವರಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ. ನಡೆಯುವಾಗಲೇ ಕವಿತೆ ಹೊಸೆಯುತ್ತಾರೆ, ಕವಿತೆಯಲ್ಲಿ ಧರ್ಮ ಬೋಧಿಸುತ್ತಾರೆ, ಆಮೇಲೆ ಕವಿತೆ ಹೇಳಿದ್ದನ್ನೇ ಅಚ್ಚಿನಲ್ಲಿ ಇನ್ನೊಮ್ಮೆ ಬಿಡಿಸುತ್ತಾರೆ. ಒಂದರ ಹೊರೆಯನ್ನು ಇನ್ನೊಂದರ ಮೇಲೆ ಹೇರಬೇಡಿ. ನಡಿಗೆ ನೋಡಿದ್ದರಲ್ಲಿ ಕವಿತೆ ಸ್ವಲ್ಪವನ್ನೇ ಎತ್ತಿಕೊಳ್ಳಲಿ, ಕವಿತೆ ಬಿಟ್ಟಿದ್ದನ್ನು ಅಚ್ಚು ಎತ್ತಿಕೊಳ್ಳಲಿ. ಕೆಳಗಿನ ಹಂತಗಳೆಲ್ಲ ಈ ಒಂದು ನಿಯಮದ ಸುತ್ತಲೇ ಇವೆ.

ಏನೇನು ಬೇಕು

ನಡಿಗೆಗೆ: ಅಂಗೈಯಗಲದ ನೋಟ್‌ಬುಕ್, 2ಬಿ ಅಥವಾ 4ಬಿ ಪೆನ್ಸಿಲ್. ಪೆನ್ನು ಬೇಡ, ಮಳೆಹನಿ ಬಿದ್ದರೆ ಶಾಯಿ ಹರಡುತ್ತದೆ.

ಕೆತ್ತನೆಗೆ: 10 × 15 ಸೆಂ.ಮೀ.ನ ಲಿನೋ ತುಂಡು; ಮೂರು ಉಳಿ, ಅಂದರೆ ಸಣ್ಣ ವಿ-ಆಕಾರದ್ದು, ಸಣ್ಣ ಯು-ಆಕಾರದ್ದು, ಅಗಲದ ಯು-ಆಕಾರದ್ದು; ಟ್ರೇಸಿಂಗ್ ಹಾಳೆ, ಕಾರ್ಬನ್ ಹಾಳೆ; ಮತ್ತು ಬೆಂಚ್ ಹುಕ್. ಬೆಂಚ್ ಹುಕ್ ಅಂದರೆ ಒಂದು ಹಲಗೆಯ ಎದುರಂಚಿಗೆ ಮೇಲ್ಗಡೆ ಒಂದು ಪಟ್ಟಿ, ನಿಮ್ಮ ಕಡೆಯ ಅಂಚಿಗೆ ಕೆಳಗಡೆ ಒಂದು ಪಟ್ಟಿ ಬಡಿದದ್ದು. ಕೆಳಗಿನ ಪಟ್ಟಿ ಮೇಜಿನ ಅಂಚಿಗೆ ಸಿಕ್ಕಿಕೊಳ್ಳುತ್ತದೆ, ಮೇಲಿನದು ಲಿನೋ ಜಾರದಂತೆ ತಡೆಯುತ್ತದೆ. ಮನೆಯಲ್ಲೇ ಮಾಡಿಕೊಳ್ಳಬಹುದು.

ಅಚ್ಚು ತೆಗೆಯಲು: ರಬ್ಬರ್ ರೋಲರ್, ಶಾಯಿ ಹರಡಲು ಗಾಜು ಅಥವಾ ಅಕ್ರಿಲಿಕ್ ಹಲಗೆ, ಉಬ್ಬು ಮುದ್ರಣದ ಕಪ್ಪು ಶಾಯಿ, ತೆಳು ಕಾಗದ, ಮತ್ತೆ ಹಿಂಬದಿ ನುಣುಪಾಗಿರುವ ಒಂದು ಮರದ ಸೌಟು ಅಥವಾ ಚಮಚ. ಪ್ರೆಸ್ ಬೇಕಿಲ್ಲ.

ಲಿನೋ ಅಂದರೆ ಲಿನೋಲಿಯಂ. ಅಗಸೆ ಎಣ್ಣೆ, ಕಾರ್ಕ್ (ಬಿರಡೆ) ಪುಡಿ ಎಲ್ಲ ಬೆರೆಸಿ ಗೋಣಿಬಟ್ಟೆಯ ಮೇಲೆ ಒತ್ತಿ ಮಾಡಿದ ಹಾಳೆ. ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ 1860ರ ದಶಕದಲ್ಲಿ ಇದನ್ನು ನೆಲಹಾಸಿಗೆಂದು ತಯಾರಿಸಿದ್ದು. ಕಲಾವಿದರ ಕೈಗೆ ಬಂದದ್ದು ಆಮೇಲೆ. ಈಗಿನ ವಿನೈಲ್ ನೆಲಹಾಸು ಇದಲ್ಲ, ಅದನ್ನು ತಂದು ಉಳಿ ಹಾಳು ಮಾಡಿಕೊಳ್ಳಬೇಡಿ. ರಬ್ಬರಿನಂಥ ಮೆತ್ತನೆಯ ತುಂಡುಗಳೂ ಸಿಗುತ್ತವೆ. ಅವು ಕೆತ್ತಲು ಸುಲಭ, ಆದರೆ ಸಣ್ಣ ಗೆರೆ ನಿಲ್ಲುವುದಿಲ್ಲ.

ಮರದ ಹಲಗೆಯಲ್ಲೇ ಶುರು ಮಾಡುತ್ತೇನೆ ಅನ್ನುವವರಿಗೆ: ಮಾಡಿ, ಆದರೆ ನಿಮ್ಮ ಎರಡನೆಯ ಅಚ್ಚನ್ನು. ಮರಕ್ಕೆ ಎಳೆ ಇರುತ್ತದೆ, ಎಳೆಗೆ ಅಡ್ಡ ಹೋದರೆ ಸೀಳು ಬರುತ್ತದೆ. ಲಿನೋಗೆ ಎಳೆಯಿಲ್ಲ, ಯಾವ ದಿಕ್ಕಿಗೂ ಒಂದೇ ಸಮ ಕೆತ್ತಬಹುದು.

ಹಂತ 1: ದಾರಿ ಆರಿಸಿಕೊಳ್ಳಿ

ಹೊಸ ಶಿಖರ ಬೇಡ. ಗೊತ್ತಿರುವ, ಮತ್ತೆ ಮತ್ತೆ ಹೋಗಬಹುದಾದ ಸಣ್ಣ ದಾರಿ ಬೇಕು. ದಾರಿ ಹುಡುಕುವುದರಲ್ಲೇ ಗಮನ ಕಳೆದರೆ ನೋಡಲು ಏನೂ ಉಳಿಯುವುದಿಲ್ಲ.

ಎಷ್ಟು ಹೊತ್ತು ಬೇಕು ಅನ್ನುವ ಲೆಕ್ಕವನ್ನು ಮನೆಯಲ್ಲೇ ಮಾಡಿ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ ಸೂತ್ರವನ್ನು ಚಾರಣಿಗರು ಇವತ್ತಿಗೂ ಬಳಸುತ್ತಾರೆ: ಪ್ರತಿ 5 ಕಿ.ಮೀ.ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 8 ಕಿ.ಮೀ. ದಾರಿ, 300 ಮೀಟರ್ ಏರು ಅಂದರೆ ಎರಡು ಗಂಟೆಗೆ ಸ್ವಲ್ಪ ಹೆಚ್ಚು. ಇದು ಗಟ್ಟಿ ಕಾಲಿನವರು ನಿಲ್ಲದೆ ನಡೆದರೆ ಹಿಡಿಯುವ ಹೊತ್ತು. ನೀವು ನಿಂತು, ಕೂತು, ಗೀಚುತ್ತಾ ಹೋಗುವವರು. ಬಂದ ಉತ್ತರವನ್ನು ಇಮ್ಮಡಿ ಮಾಡಿಕೊಳ್ಳಿ. ಹಿಂತಿರುಗುವ ಹೊತ್ತನ್ನು ಮೊದಲೇ ಬರೆದಿಟ್ಟು, ಆ ಹೊತ್ತಾದಾಗ ಎಲ್ಲೇ ಇದ್ದರೂ ತಿರುಗಿ.

ಕೆಲವು ಎಚ್ಚರಿಕೆಗಳು ಹಳೆಯವೇ, ಆದರೂ ಹೇಳಬೇಕು. ಸಂರಕ್ಷಿತ ಕಾಡಾದರೆ ಅನುಮತಿ ಬೇಕಾಗುತ್ತದೆ, ಕೇಳಿಕೊಂಡೇ ಹೋಗಿ. ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಎಂದು ಒಬ್ಬರಿಗಾದರೂ ತಿಳಿಸಿ. "ಏಕಾಂತ ಬೇಕು" ಅನ್ನುವುದು ಹೇಳದೆ ಹೋಗುವುದಕ್ಕೆ ಕಾರಣವಲ್ಲ.

ಏಕಾಂತದ ಆಸೆ ಹೆಚ್ಚಿರುವವರಿಗೆ ಇನ್ನೊಂದು ಮಾತು. ಅಮೆರಿಕದ ಕವಿ ಗ್ಯಾರಿ ಸ್ನೈಡರ್ 1952 ಮತ್ತು 1953ರ ಬೇಸಿಗೆಗಳಲ್ಲಿ ಬೆಟ್ಟದ ತುದಿಯ ಗೂಡಿನಲ್ಲಿ ಒಬ್ಬರೇ ಕೂತದ್ದು ನಿಜ. ಆದರೆ ಅವರು ಅಲ್ಲಿಗೆ ಹೋದದ್ದು ಕಾಡ್ಗಿಚ್ಚು ಕಾಯುವ ನೌಕರಿಗೆ. ಕೈಯಲ್ಲಿ ಕೆಲಸವಿತ್ತು, ಸಂಪರ್ಕಕ್ಕೆ ರೇಡಿಯೋ ಇತ್ತು. ಕಾಡಿನಲ್ಲಿ ಒಬ್ಬರೇ ಇರುವುದಕ್ಕೂ ಯಾರಿಗೂ ಸಿಗದಂತೆ ಇರುವುದಕ್ಕೂ ವ್ಯತ್ಯಾಸವಿದೆ.

ಹಂತ 2: ಮೊದಲು ಸಮತಟ್ಟಿನಲ್ಲಿ ನಡೆಯಲು ಕಲಿಯಿರಿ

ಕಾಡಿಗೆ ಹೋಗುವ ಮುಂಚೆ ಒಂದೆರಡು ವಾರವಾದರೂ ಈ ಅಭ್ಯಾಸ ಇರಲಿ. ಪಾಲಿ ಗ್ರಂಥಗಳಲ್ಲಿ ಇದರ ಹೆಸರು ಚಂಕಮ, ಸಂಸ್ಕೃತದಲ್ಲಿ ಚಂಕ್ರಮಣ. ಒಂದೇ ಸಣ್ಣ ದಾರಿಯಲ್ಲಿ ಆ ತುದಿಯಿಂದ ಈ ತುದಿಗೆ ಗಮನವಿಟ್ಟು ನಡೆಯುವುದು, ಅಷ್ಟೇ. ಇಪ್ಪತ್ತು ಮೂವತ್ತು ಹೆಜ್ಜೆಯ ಜಾಗ ಸಾಕು. ಕೈಗಳನ್ನು ಮುಂದೆ ಕಟ್ಟಿಕೊಳ್ಳಿ, ನೋಟ ಎರಡು ಮೂರು ಮೀಟರ್ ಮುಂದಿನ ನೆಲದ ಮೇಲಿರಲಿ. ಪಾದ ಎತ್ತುವುದು, ಮುಂದಕ್ಕೆ ಒಯ್ಯುವುದು, ಊರುವುದು, ಈ ಮೂರನ್ನು ಗಮನಿಸುತ್ತಾ ಹೋಗಿ. ತುದಿ ತಲುಪಿದಾಗ ನಿಲ್ಲಿ, ತಿರುಗಿ, ಮತ್ತೆ ಹೊರಡಿ. ಮನಸ್ಸು ಬೇರೆಡೆ ಹೋಯಿತೇ? ಹೋಗುತ್ತದೆ. ಪಾದಕ್ಕೆ ಕರೆತನ್ನಿ. ಹದಿನೈದು ನಿಮಿಷ ಸಾಕು.

ಸುತ್ತ ಅಂದರೆ ಪಾಲಿಯಲ್ಲಿ ಬುದ್ಧನ ಉಪದೇಶ. ಸತಿಪಟ್ಠಾನ ಸುತ್ತದಲ್ಲಿ ಇದಕ್ಕೆ ಹೇಳಿರುವುದು ಬಹಳ ಸರಳ: ಭಿಕ್ಷು ನಡೆಯುವಾಗ 'ನಡೆಯುತ್ತಿದ್ದೇನೆ' ಎಂದು ಅರಿಯುತ್ತಾನೆ. ಸತಿ ಅಂದರೆ ಎಚ್ಚರದ ಗಮನ. ಅಂಗುತ್ತರ ನಿಕಾಯ ಎಂಬ ಉಪದೇಶಗಳ ಸಂಗ್ರಹದ ಒಂದು ಪುಟ್ಟ ಸುತ್ತದಲ್ಲಿ ಚಂಕಮದ ಐದು ಲಾಭಗಳ ಪಟ್ಟಿಯಿದೆ. ದೂರದ ಪ್ರಯಾಣ ತಾಳಿಕೊಳ್ಳುವ ಶಕ್ತಿ ಬರುತ್ತದೆ, ಸಾಧನೆಗೆ ಬಲ ಬರುತ್ತದೆ, ಕಾಯಿಲೆ ಕಡಿಮೆಯಾಗುತ್ತದೆ, ಉಂಡದ್ದು ಅರಗುತ್ತದೆ, ನಡೆಯುತ್ತಾ ಪಡೆದ ಏಕಾಗ್ರತೆ ಬಹಳ ಹೊತ್ತು ಉಳಿಯುತ್ತದೆ. ಐದರಲ್ಲಿ ನಾಲ್ಕು ಮೈಗೆ, ದುಡಿಮೆಗೆ ಸೇರಿದವು ಅನ್ನುವುದು ನನಗೆ ಇಷ್ಟ. ಕೆತ್ತನೆಗೆ ಕೂತಾಗ ಕೆಲಸಕ್ಕೆ ಬರುವುದು ಮಾತ್ರ ಕೊನೆಯದು.

ಜೆನ್ ಎಂಬ ಬೌದ್ಧ ಪಂಥದಲ್ಲಿ ಎರಡು ಕೂತ ಧ್ಯಾನಗಳ ನಡುವೆ ಮಾಡುವ ಕಿನ್‌ಹಿನ್ ಕೂಡ ಇದೇ ಬಗೆಯದು. ಅದರ ಸೋಟೋ ಶಾಖೆಯಲ್ಲಿ ಒಂದು ಉಸಿರಿಗೆ ಅರ್ಧ ಹೆಜ್ಜೆ. ಯಾವುದನ್ನಾದರೂ ಒಂದನ್ನು ಹಿಡಿಯಿರಿ, ಎರಡನ್ನೂ ಬೆರೆಸಬೇಡಿ.

ಈಗ ಮುಖ್ಯ ಎಚ್ಚರಿಕೆ. ಈ ನಿಧಾನದ ನಡಿಗೆಯನ್ನು ಕಲ್ಲುದಾರಿಗೆ, ಇಳಿಜಾರಿಗೆ, ಹೊಳೆ ದಾಟುವ ಜಾಗಕ್ಕೆ ಒಯ್ಯಬೇಡಿ. ನೋಟ ತಗ್ಗಿಸಿ ಪಾದವನ್ನೇ ಗಮನಿಸುತ್ತಾ ಹೋದರೆ ಮುಂದಿನ ಕೊಂಬೆಯೂ ಕಾಣುವುದಿಲ್ಲ, ಹಾವೂ ಕಾಣುವುದಿಲ್ಲ. ಕಾಡಿನಲ್ಲಿ ನಿಮ್ಮ ಮಾಮೂಲು ವೇಗದಲ್ಲೇ ನಡೆಯಿರಿ, ಗಮನವನ್ನು ಕಿವಿಗೆ ಕೊಡಿ. ಹತ್ತಿರದ ಸದ್ದು, ದೂರದ ಸದ್ದು, ನಿಮ್ಮದೇ ಹೆಜ್ಜೆಯ ಸದ್ದು. ಕಣ್ಣು ದಾರಿ ನೋಡಿಕೊಳ್ಳಲಿ.

ಹಂತ 3: ಮೂರು ಸಲ ನಿಲ್ಲಿ, ಮೂರು ಪುಟ ತುಂಬಿಸಿ

ಇಡೀ ದಾರಿಯಲ್ಲಿ ಮೂರೇ ನಿಲುಗಡೆ. ಎಲ್ಲಿ ನಿಲ್ಲಬೇಕೆಂದು ಮೊದಲೇ ಗೊತ್ತು ಮಾಡಿಕೊಳ್ಳಬೇಡಿ, ಸುಂದರವಾದ ಜಾಗಕ್ಕಾಗಿ ಕಾಯಲೂಬೇಡಿ. ನಿಂತಲ್ಲಿ ಹೀಗೆ ಮಾಡಿ:

ಮೊದಲ ಐದು ನಿಮಿಷ ಏನೂ ಮಾಡಬೇಡಿ. ನೋಟ್‌ಬುಕ್ ಜೇಬಿನಲ್ಲೇ ಇರಲಿ.

ಆಮೇಲೆ ಹತ್ತು ನಿಮಿಷದೊಳಗೆ ಒಂದು ಗೆರೆಚಿತ್ರ. ಛಾಯೆ ತುಂಬಬೇಡಿ. ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂದು ಒಂದು ಬಾಣ ಹಾಕಿ, ಅತಿ ಕಪ್ಪಗಿರುವ ಜಾಗಕ್ಕೆ 'ಕ' ಎಂದು ಗುರುತು ಮಾಡಿ. ಕೆತ್ತುವಾಗ ಈ ಎರಡು ಗುರುತು ಇಡೀ ಚಿತ್ರಕ್ಕಿಂತ ಹೆಚ್ಚು ಸಹಾಯ ಮಾಡುತ್ತವೆ.

ಕೊನೆಗೆ ಮಾತು. ಹೊತ್ತು ಬರೆಯಿರಿ, ಗಾಳಿ ಯಾವ ಕಡೆಯದು ಬರೆಯಿರಿ, ಆಮೇಲೆ ಕಂಡ ವಸ್ತುಗಳ ಹೆಸರು, ನಡೆದ ಕ್ರಿಯೆಗಳು. ವಿಶೇಷಣ ಬೇಡ, ಹೋಲಿಕೆ ಬೇಡ. 'ಮೌನ', 'ಶೂನ್ಯ', 'ಅನಂತ', 'ನಿರ್ವಾಣ' ಈ ನಾಲ್ಕು ಪದಗಳಿಗೆ ನೋಟ್‌ಬುಕ್ಕಿನಲ್ಲಿ ಪ್ರವೇಶವಿಲ್ಲ ಎಂದುಕೊಳ್ಳಿ. ಕವಿತೆ ಅಂತೂ ಬರೆಯಲೇಬೇಡಿ. ಸಾಲು ತಾನಾಗಿ ಹುಟ್ಟಿದರೆ ಹುಟ್ಟಲಿ. ನಿಜವಾಗಿ ಬೇಕಾದದ್ದಾದರೆ ಮರುದಿನವೂ ನೆನಪಿರುತ್ತದೆ.

ಫೋಟೊ ತೆಗೆಯಬಹುದೇ? ನನ್ನ ಅಭಿಪ್ರಾಯದಲ್ಲಿ ಬೇಡ. ಫೋಟೊದಲ್ಲಿ ಎಲ್ಲವೂ ಇರುತ್ತದೆ, ಯಾವುದನ್ನು ಬಿಡಬೇಕೆಂದು ಅದು ಹೇಳುವುದಿಲ್ಲ. ಹತ್ತು ನಿಮಿಷದ ಗೆರೆಚಿತ್ರ ಬಿಡುವ ಕೆಲಸವನ್ನು ಅರ್ಧ ಮುಗಿಸಿಯೇ ಕೊಡುತ್ತದೆ.

ಎಲೆ, ಗರಿ, ಕಲ್ಲು ಎತ್ತಿಕೊಂಡು ಬರಬೇಡಿ. ಇನ್ನು, ಟಾಂಗ್ ಕಾಲದ ಚೀನೀ ಕವಿ ಹಾನ್‌ಶಾನ್ ಬಂಡೆ, ಮರ, ಗೋಡೆಗಳ ಮೇಲೆ ಕವಿತೆ ಬರೆಯುತ್ತಿದ್ದನೆಂಬ ಐತಿಹ್ಯವಿದೆ. ಅವನಿಗೆ ಬಿಡಿ. ನೀವು ಕಾಗದದ ಮೇಲೇ ಬರೆಯಿರಿ.

ಹಂತ 4: ಕವಿತೆ, ಆದರೆ ಅವತ್ತೇ ಅಲ್ಲ

ಕನಿಷ್ಠ ಎರಡು ರಾತ್ರಿ ಕಳೆಯಲಿ. ನಡಿಗೆಯ ಕವಿತೆ ದಾರಿಯಲ್ಲೇ ಹುಟ್ಟಬೇಕು, ತಿದ್ದಿದರೆ ಕೆಡುತ್ತದೆ ಎಂಬ ನಂಬಿಕೆ ಹಲವರಿಗಿದೆ. ಇದಕ್ಕೆ ಜಪಾನಿನ ಕವಿ ಮತ್ಸುವೊ ಬಾಶೋ ಹೆಸರನ್ನೇ ಸಾಕ್ಷಿಗೆ ಎಳೆಯುತ್ತಾರೆ. ನಡೆದದ್ದು ಬೇರೆ. ಬಾಶೋ ತನ್ನ ಉತ್ತರದ ದೀರ್ಘ ನಡಿಗೆಗೆ ಹೊರಟದ್ದು 1689ರಲ್ಲಿ, ಜೊತೆಗೆ ಶಿಷ್ಯ ಸೋರಾ. ಅದರ ಪ್ರವಾಸಕಥನವನ್ನು ಆತ ಆಮೇಲೆ ವರ್ಷಗಟ್ಟಲೆ ತಿದ್ದಿದ. 1694ರಲ್ಲಿ ಆತ ತೀರಿಕೊಂಡ ಮೇಲೆ, 1702ರಲ್ಲಿ ಅದು ಅಚ್ಚಾಯಿತು. ಸೋರಾ ಬರೆದಿಟ್ಟ ದಿನಚರಿ 1943ರಲ್ಲಿ ಪ್ರಕಟವಾದಾಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದವರಿಗೆ ದಿನ, ಘಟನೆ, ಕ್ರಮ ಹಲವು ಕಡೆ ಹೊಂದುವುದಿಲ್ಲವೆಂದು ಗೊತ್ತಾಯಿತು. ಬಾಶೋ ನಡೆದದ್ದನ್ನು ನಕಲು ಮಾಡಲಿಲ್ಲ, ಅದರಿಂದ ಕಟ್ಟಿದ. ಆದ್ದರಿಂದ ತಿದ್ದುವುದಕ್ಕೆ ಸಂಕೋಚ ಬೇಡ.

ಹೇಗೆ ತಿದ್ದುವುದು? ಒಂದು ಉದಾಹರಣೆ. ನೋಟ್‌ಬುಕ್ಕಿನ ಒಂದು ಪುಟದಲ್ಲಿ ಹೀಗಿದೆ ಎಂದುಕೊಳ್ಳಿ:

*7.10. ಗಾಳಿ ಎಡದಿಂದ. ಬಂಡೆ, ಒದ್ದೆ. ಬಿದ್ದ ಮರ. ಅಣಬೆ. ಹಕ್ಕಿ ಕೂಗಿತು, ಕಾಣಲಿಲ್ಲ. ಕಾಲೆತ್ತಿ ದಾಟಿದೆ.*

ಇದರಿಂದ ಮೊದಲ ಏಟಿಗೆ ಬರುವ ಕವಿತೆ ಸಾಮಾನ್ಯವಾಗಿ ಹೀಗಿರುತ್ತದೆ:

*ಅನಂತ ಮೌನದ ಕಾಡಿನೊಳಗೆ*
*ಬಿದ್ದ ಮರದ ಮೇಲೆ ಅಣಬೆಗಳರಳಿವೆ.*
*ಎಲ್ಲವೂ ಅನಿತ್ಯವೆಂದು ಸಾರುತ*
*ಕಾಣದ ಹಕ್ಕಿಯೊಂದು ಕೂಗುತಿದೆ.*

ಹಕ್ಕಿ ಏನನ್ನೂ ಸಾರಲಿಲ್ಲ, ಬರೇ ಕೂಗಿತು. ಕಾಡು ಮೌನವಾಗಿಯೂ ಇರಲಿಲ್ಲ, ಅದೇ ಹಕ್ಕಿಯೇ ಸಾಕ್ಷಿ. ಮೊದಲ ಸಾಲು, ಮೂರನೆಯ ಸಾಲು ಹೊಡೆದುಹಾಕಿ. ಹಕ್ಕಿ ಬೇರೊಂದು ಕವಿತೆಗೆ ಸೇರಿದ್ದು, ಅದನ್ನೂ ಬಿಡಿ. ಉಳಿದದ್ದು ಮರ, ಅಣಬೆ, ಎತ್ತಿದ ಕಾಲು:

*ಬಿದ್ದ ಮರದ ಉದ್ದಕ್ಕೂ*
*ಅಣಬೆ.*
*ದಾಟಲೆಂದು ಎತ್ತಿದ ಕಾಲು*
*ಇಳಿಯಲು ಜಾಗ ಹುಡುಕುತ್ತದೆ.*

ಮಹಾಕಾವ್ಯವಲ್ಲ. ಆದರೆ ಅನಿತ್ಯ, ಅಹಿಂಸೆ ಎಂಬ ಪದಗಳನ್ನು ಎತ್ತದೆಯೇ ಓದುಗ ತಾನೇ ಅಲ್ಲಿಗೆ ಹೋಗಬಹುದು. ಹೋಗದಿದ್ದರೂ ಮರ, ಅಣಬೆ ಉಳಿದಿರುತ್ತವೆ.

ಛಂದಸ್ಸಿನ ಬಗ್ಗೆ ಕೇಳುವವರಿಗೆ: ಹಾಯ್ಕು ಎಂಬ ಜಪಾನಿನ ಪುಟ್ಟ ಕವಿತೆಯ 5-7-5 ಲೆಕ್ಕ ಜಪಾನಿ ಭಾಷೆಯ ಉಚ್ಚಾರದ ಅಳತೆ. ಕನ್ನಡದಲ್ಲಿ ಹದಿನೇಳು ಅಕ್ಷರ ಎಣಿಸುತ್ತಾ ಕೂತರೆ ವಿಭಕ್ತಿ ಪ್ರತ್ಯಯಗಳೇ ಅರ್ಧ ಜಾಗ ತಿನ್ನುತ್ತವೆ. ಮೂರು ಸಾಲೇ ಬೇಕೆಂದರೆ ನಮ್ಮಲ್ಲಿ ತ್ರಿಪದಿ ಇದೆ, ಹಾಡಿದರೆ ಲಯ ತಾನೇ ಸಿಗುತ್ತದೆ. ಇಲ್ಲವಾದರೆ ಮುಕ್ತವಾಗಿ ಬರೆಯಿರಿ, ಏಳು ಸಾಲು ಮೀರಬೇಡಿ. ಗಟ್ಟಿಯಾಗಿ ಓದಿ, ಉಸಿರು ಎಲ್ಲಿ ನಿಲ್ಲುತ್ತದೋ ಅಲ್ಲಿ ಸಾಲು ಮುರಿಯಿರಿ.

ಹಂತ 5: ಅಚ್ಚಿಗೆ ಯಾವ ಚಿತ್ರ?

ಹೆಚ್ಚಿನವರ ಕೈ ಇಲ್ಲಿ ಜಾರುತ್ತದೆ. ಮೇಲಿನ ಕವಿತೆಗೆ ಅಚ್ಚು ಮಾಡಿ ಅಂದರೆ ಹತ್ತರಲ್ಲಿ ಒಂಬತ್ತು ಜನ ಅಣಬೆ ಬೆಳೆದ ಮರದ ದಿಮ್ಮಿಯನ್ನು ಬಿಡಿಸುತ್ತಾರೆ. ಆಗ ಕವಿತೆ ಚಿತ್ರದ ಶೀರ್ಷಿಕೆಯಾಗುತ್ತದೆ, ಚಿತ್ರ ಕವಿತೆಯ ಪಠ್ಯಪುಸ್ತಕವಾಗುತ್ತದೆ.

ನೋಟ್‌ಬುಕ್ಕಿನ ಅದೇ ಪುಟಕ್ಕೆ ಹೋಗಿ. ಕವಿತೆ ಬಿಟ್ಟದ್ದು ಯಾವುದು? ಒದ್ದೆ ಬಂಡೆ, ಎಡಗಡೆಯ ಗಾಳಿ, ಕಾಣದ ಹಕ್ಕಿ. ಅಚ್ಚಿನಲ್ಲಿ ಬಂಡೆ ಬರಲಿ: ದೊಡ್ಡ ಕಪ್ಪು ಮೈ, ಒದ್ದೆ ಹೊಳಪಿಗೆ ನಾಲ್ಕೇ ಬಿಳಿ ಗೀರು, ಬಲಕ್ಕೆ ಬಾಗಿದ ಹುಲ್ಲು. ಎರಡನ್ನೂ ಪಕ್ಕಪಕ್ಕ ಇಟ್ಟಾಗ ಓದುಗನಿಗೆ ಜಾಗ ಪೂರ್ತಿ ಸಿಗುತ್ತದೆ, ಒಂದೂ ಮತ್ತೊಂದನ್ನು ವಿವರಿಸುವುದಿಲ್ಲ.

ಇನ್ನು ತಾಂತ್ರಿಕ ವಿಷಯ. ಲಿನೋಕಟ್ ಉಬ್ಬು ಮುದ್ರಣ: ಕೆತ್ತಿ ತೆಗೆದದ್ದು ಬಿಳಿ, ಉಳಿದ ಉಬ್ಬು ಕಪ್ಪು. ಚಿತ್ರ ಎಡಬಲ ತಿರುಗಿ ಅಚ್ಚಾಗುತ್ತದೆ. ಹಾಗಾಗಿ ಗೆರೆಚಿತ್ರವನ್ನು ಟ್ರೇಸಿಂಗ್ ಹಾಳೆಗೆ ಇಳಿಸಿ, ಹಾಳೆಯನ್ನು ಮಗುಚಿ, ಕಾರ್ಬನ್ ಇಟ್ಟು ಲಿನೋ ಮೇಲೆ ಒತ್ತಿ. ಮಗುಚಲು ಮರೆತರೆ ಎಡದ ಗಾಳಿ ಬಲದಿಂದ ಬೀಸುತ್ತದೆ. ಬಂಡೆಗೆ ಅದರಿಂದ ನಷ್ಟವಿಲ್ಲ, ಅಕ್ಷರಗಳಿದ್ದರೆ ಮಾತ್ರ ಕೆಲಸ ಕೆಟ್ಟಿತು.

ಇಳಿಸಿದ ಮೇಲೆ ಕಪ್ಪಾಗಿ ಉಳಿಯಬೇಕಾದ ಜಾಗಗಳನ್ನೆಲ್ಲ ಮಾರ್ಕರ್‌ನಿಂದ ತುಂಬಿ. ಕಣ್ಣು ಕಿರಿದು ಮಾಡಿ ನೋಡಿ. ಕಪ್ಪು ಮತ್ತು ಬಿಳಿ ಎರಡರಲ್ಲೇ ಆಕಾರ ಗುರುತು ಸಿಕ್ಕರೆ ಮುಂದಕ್ಕೆ ಹೋಗಿ. ಸಿಗದಿದ್ದರೆ ವಿವರ ಸೇರಿಸಬೇಡಿ, ಕಡಿಮೆ ಮಾಡಿ.

ಕವಿತೆಯನ್ನೂ ಅದೇ ಲಿನೋದಲ್ಲಿ ಕೆತ್ತಬಹುದೇ? ಮೊದಲ ಕೆಲವು ಅಚ್ಚುಗಳಲ್ಲಿ ಬೇಡ. ಕನ್ನಡದ ದುಂಡು ಅಕ್ಷರ, ತಲಕಟ್ಟು, ಒತ್ತಕ್ಷರ ಎಲ್ಲವನ್ನೂ ತಿರುಗಿಸಿ ಕೆತ್ತುವುದು ದೊಡ್ಡ ಪರೀಕ್ಷೆ. 'ಅ', 'ಆ'ಗಳ ಒಳಗಣ್ಣು ಸಣ್ಣದಾದರೆ ಶಾಯಿ ತುಂಬಿ ಮುಚ್ಚಿಹೋಗುತ್ತದೆ. 13ನೇ ಶತಮಾನದಲ್ಲಿ ಕೆತ್ತಿದ ಬೌದ್ಧ ಗ್ರಂಥಗಳ 80,000ಕ್ಕೂ ಹೆಚ್ಚು ಮರದ ಹಲಗೆಗಳು ಕೊರಿಯಾದ ಹೇಯಿನ್ಸಾ ವಿಹಾರದಲ್ಲಿವೆ. ಎರಡೂ ಮೈಯಲ್ಲಿ ತಿರುಗುಮುರುಗಾದ ಅಕ್ಷರ. ಅದು ಪಳಗಿದ ಕೆತ್ತನೆಗಾರರ ದೊಡ್ಡ ಪಡೆ ವರ್ಷಗಟ್ಟಲೆ ಮಾಡಿದ ಕೆಲಸ. ನೀವು ಕವಿತೆಯನ್ನು ಕೈಬರಹದಲ್ಲೇ ಬರೆಯಿರಿ. ಕೆತ್ತಲೇಬೇಕೆಂಬ ಹಟವಿದ್ದರೆ ಅಕ್ಷರದ ಎತ್ತರ 12 ಮಿ.ಮೀ.ಗಿಂತ ಕಡಿಮೆ ಬೇಡ, ಲಿನೋವನ್ನು ಕನ್ನಡಿಗೆ ಹಿಡಿದು ಓದಿ ನೋಡಿದ ಮೇಲೆಯೇ ಉಳಿ ಎತ್ತಿ.

ಹಂತ 6: ಕೆತ್ತನೆ

ಲಿನೋ ಗಟ್ಟಿಯಾಗಿದ್ದರೆ ಬೆಚ್ಚಗೆ ಮಾಡಿ. ಸ್ವಲ್ಪ ಹೊತ್ತು ಬಿಸಿಲಿನಲ್ಲಿಟ್ಟರೂ ಸರಿ, ಹೇರ್ ಡ್ರೈಯರ್ ಆದರೂ ಸರಿ. ತಣ್ಣಗಿನ ಲಿನೋ ಮೇಲೆ ಉಳಿ ಸಿಕ್ಕಿಕೊಂಡು, ಒತ್ತಡ ಹಾಕಿದಾಗ ಒಮ್ಮೆಲೇ ಜಾರುತ್ತದೆ. ಮೊಂಡಾದ ಉಳಿಯೂ ಹೀಗೇ ಜಾರುತ್ತದೆ. ಕೈ ಕೊಯ್ದುಕೊಳ್ಳುವುದು ಬಹುಮಟ್ಟಿಗೆ ಹರಿತದ ಉಳಿಯಿಂದಲ್ಲ, ಮೊಂಡು ಉಳಿಯಿಂದ.

ನಿಯಮ ಒಂದೇ: ಲಿನೋ ಹಿಡಿದ ಕೈ ಯಾವಾಗಲೂ ಉಳಿಯ ಹಿಂದೆ ಇರಲಿ, ಮುಂದೆ ಎಂದೂ ಬೇಡ. ದಿಕ್ಕು ಬದಲಿಸಬೇಕಾದಾಗ ಉಳಿಯನ್ನಲ್ಲ, ಲಿನೋವನ್ನು ತಿರುಗಿಸಿ.

ವಿ-ಉಳಿಯಿಂದ ಅಂಚುಗಳನ್ನು ಮೊದಲು ಬಿಡಿಸಿಕೊಳ್ಳಿ. ಉಳಿಯನ್ನು ತೀರಾ ನೆಟ್ಟಗೆ ಹಿಡಿಯಬೇಡಿ, ಮಲಗಿಸಿ ತಳ್ಳಿ. ಉಬ್ಬುಗೆರೆಯ ಬುಡ ಅಗಲವಾಗಿ, ತಲೆ ಸಣ್ಣದಾಗಿ ಉಳಿಯಬೇಕು. ಬುಡ ಕೊರೆದುಬಿಟ್ಟರೆ ಎರಡನೇ ಪ್ರತಿಗೇ ಗೆರೆ ಮುರಿಯುತ್ತದೆ. ಆಮೇಲೆ ಅಗಲದ ಯು-ಉಳಿಯಿಂದ ದೊಡ್ಡ ಬಿಳಿ ಜಾಗ ತೆಗೆಯಿರಿ. ಗೋಣಿಬಟ್ಟೆ ಕಾಣುವಷ್ಟು ಆಳ ಬೇಡ.

ಅರ್ಧ ಕೆತ್ತಿದಾಗಲೇ ಒಂದು ಪ್ರೂಫ್ ತೆಗೆಯಿರಿ. ಪ್ರೂಫ್ ಅಂದರೆ ಪರೀಕ್ಷೆಯ ಅಚ್ಚು. ತೆಗೆದದ್ದನ್ನು ಮತ್ತೆ ಅಂಟಿಸಲಾಗದು, ಇನ್ನಷ್ಟು ತೆಗೆಯುವುದು ಯಾವಾಗಲೂ ಸಾಧ್ಯ. ಬಹಳ ಅಚ್ಚುಗಳು ಹಾಳಾಗುವುದು ಕಡಿಮೆ ಕೆತ್ತಿದ್ದರಿಂದಲ್ಲ.

ಇಲ್ಲಿ ಧ್ಯಾನದ ಪಾತ್ರವೇನು? ದೊಡ್ಡದೇನಲ್ಲ, ಆದರೆ ನಿಜವಾದದ್ದು. ಮನಸ್ಸು ಬೇರೆಡೆ ಹೋದ ಕ್ಷಣದಲ್ಲೇ ಉಳಿ ಗೆರೆ ದಾಟುತ್ತದೆ. ಪಾದವನ್ನು ಗಮನಿಸಿದಂತೆಯೇ ಉಳಿಯ ತುದಿಯನ್ನು ಗಮನಿಸಿ. ಗಮನ ಹೋಯಿತೆಂದು ತಿಳಿದಾಗ ಉಳಿ ಕೆಳಗಿಟ್ಟು, ಎದ್ದು ಒಂದು ಸುತ್ತು ಚಂಕಮ ಮಾಡಿ ಬನ್ನಿ. ನಲವತ್ತು ನಿಮಿಷಕ್ಕಿಂತ ಹೆಚ್ಚು ಒಂದೇ ಸಮನೆ ಕೂರಬೇಡಿ.

ಧ್ಯಾನಸ್ಥ ಕೆತ್ತನೆ ಅಂದರೆ ನಿಧಾನ ಕೆತ್ತನೆ ಎಂದೇನೂ ಇಲ್ಲ. ಜಪಾನಿನ ಮರದಚ್ಚಿನ ಕಲಾವಿದ ಮುನಕಾಟಾ ಶಿಕೋ (1903–1975) ತೀರಾ ಮಂದದೃಷ್ಟಿಯವರು. ಹಲಗೆಗೆ ಮುಖ ತಾಗುವಷ್ಟು ಬಾಗಿ, ನೋಡುವವರು ಬೆರಗಾಗುವ ವೇಗದಲ್ಲಿ ಕೆತ್ತುತ್ತಿದ್ದರು. ಬುದ್ಧನ ಹತ್ತು ಶಿಷ್ಯರನ್ನು ಕೆತ್ತಿದ ಅವರ ಮರದಚ್ಚಿನ ಸರಣಿ 1939ರದ್ದು. 1956ರಲ್ಲಿ ಇಟಲಿಯ ವೆನಿಸ್ ಬಿಯೆನ್ನಾಲೆ ಕಲಾಪ್ರದರ್ಶನದಲ್ಲಿ ಮುದ್ರಣಕಲೆಯ ಅತ್ಯುನ್ನತ ಬಹುಮಾನ ಅವರಿಗೆ ಬಂತು. ಅವರ ವೇಗ ನಕಲು ಮಾಡುವಂಥದ್ದಲ್ಲ. ಆದರೆ ನಿಮ್ಮ ಸಹಜ ವೇಗ ಚುರುಕಾಗಿದ್ದರೆ ಅದನ್ನು ಬೇಕೆಂದೇ ತಗ್ಗಿಸಿ ಧ್ಯಾನದ ವೇಷ ಹಾಕಬೇಕಾಗಿಲ್ಲ.

ಹಂತ 7: ಅಚ್ಚು ತೆಗೆಯುವುದು

ಶಾಯಿ ಎರಡು ಬಗೆ. ನೀರಿನಲ್ಲಿ ತೊಳೆಯುವಂಥದ್ದು ಬೇಗ ಒಣಗುತ್ತದೆ, ಸೆಕೆಗಾಲದಲ್ಲಿ ಗಾಜಿನ ಮೇಲೇ ಒಣಗಿ ಸತಾಯಿಸುತ್ತದೆ. ಎಣ್ಣೆಯ ಶಾಯಿ ಕಪ್ಪನ್ನು ಒಂದೇ ಸಮ ಕೊಡುತ್ತದೆ, ಒಣಗಲು ಹಲವು ದಿನ ಹಿಡಿಯುತ್ತದೆ. ಬಂಡೆಯಂಥ ದೊಡ್ಡ ಕಪ್ಪು ಮೈ ಇದ್ದರೆ ಎಣ್ಣೆಯದೇ ಒಳ್ಳೆಯದು.

ಕಡ್ಲೆಕಾಳಿನಷ್ಟು ಶಾಯಿಯನ್ನು ಗಾಜಿನ ಮೇಲೆ ಹಾಕಿ ರೋಲರಿನಿಂದ ತೆಳ್ಳಗೆ ಹರಡಿ. ಸಾಲದಿದ್ದರೆ ಆಮೇಲೆ ಸೇರಿಸಿ. ರೋಲರ್ ಉರುಳುವಾಗ ಸಣ್ಣಗೆ ಚರಚರ ಸದ್ದು ಬರಬೇಕು. ಪಚಪಚ ಅಂದರೆ ಶಾಯಿ ಹೆಚ್ಚಾಯಿತು. ಲಿನೋ ಮೇಲೆ ಒಂದೇ ಸಲ ದಪ್ಪಗೆ ಬಳಿಯುವ ಬದಲು, ಬೇರೆ ಬೇರೆ ದಿಕ್ಕಿನಿಂದ ನಾಲ್ಕೈದು ಸಲ ತೆಳ್ಳಗೆ ಉರುಳಿಸಿ.

ಎಲ್ಲ ಪ್ರತಿಗಳಲ್ಲೂ ಚಿತ್ರ ಒಂದೇ ಜಾಗದಲ್ಲಿ ಬೀಳಲು ಒಂದು ರಟ್ಟಿನ ಮೇಲೆ ಲಿನೋ ಕೂರುವ ಚೌಕ, ಅದರ ಹೊರಗೆ ಕಾಗದ ಕೂರುವ ಚೌಕ, ಎರಡನ್ನೂ ಗೆರೆ ಎಳೆದು ಗುರುತಿಸಿ. ಕಾಗದವನ್ನು ಒಂದು ಅಂಚಿನಿಂದ ಇಳಿಸಿ, ಒಮ್ಮೆ ತಾಗಿದ ಮೇಲೆ ಜರುಗಿಸಬೇಡಿ. ಚಮಚದ ಬೆನ್ನಿನಿಂದ ನಡುವಿನಿಂದ ಹೊರಕ್ಕೆ ಸಣ್ಣ ಸುತ್ತುಗಳಲ್ಲಿ ಉಜ್ಜಿ. ಜಪಾನೀಯರು ಇದಕ್ಕೆ ಬ್ಯಾರೆನ್ ಎಂಬ ಚಪ್ಪಟೆ ಬಿಲ್ಲೆ ಬಳಸುತ್ತಾರೆ. ಒಂದು ಮೂಲೆಯನ್ನು ಒತ್ತಿ ಹಿಡಿದು ಇನ್ನೊಂದನ್ನು ಎತ್ತಿ ಇಣುಕಿ. ಮಸುಕಾದಲ್ಲಿ ಮತ್ತೆ ಉಜ್ಜಿ.

ಕಾಗದ ತೆಳುವಾಗಿರಲಿ, ಚದರ ಮೀಟರಿಗೆ 40ರಿಂದ 90 ಗ್ರಾಂ ತೂಗುವಂಥದ್ದು, ಮೈ ನುಣುಪಾಗಿರಲಿ. ಜಲವರ್ಣಕ್ಕೆ ಬಳಸುವ ದಪ್ಪ ತರಿತರಿ ಹಾಳೆ ಪ್ರೆಸ್ ಇಲ್ಲದೆ ಶಾಯಿ ಹೀರುವುದಿಲ್ಲ.

ಮೊದಲ ಎರಡು ಮೂರು ಪ್ರತಿ ಪೇಲವವಾಗಿಯೇ ಬರುತ್ತವೆ, ಹೊಸ ಲಿನೋ ಶಾಯಿ ಹಿಡಿಯಬೇಕಷ್ಟೆ. ಅನಂತರವೂ ತೊಂದರೆ ಇದ್ದರೆ:

- ಕಪ್ಪಿನಲ್ಲಿ ಬಿಳಿ ಚುಕ್ಕೆ: ಶಾಯಿ ಕಡಿಮೆ, ಇಲ್ಲವೇ ಉಜ್ಜಿದ್ದು ಸಾಲದು. ಒಂದೇ ಜಾಗದಲ್ಲಿ ಬಿಳಿ ವರ್ತುಲ ಬರುತ್ತಿದ್ದರೆ ಅಲ್ಲಿ ಲಿನೋ ಚೂರು ಅಂಟಿದೆ.
- ಸಣ್ಣ ಬಿಳಿಗೆರೆಗಳು ಮುಚ್ಚಿಹೋಗುವುದು: ಶಾಯಿ ಹೆಚ್ಚು. ಹಳೇ ಕಾಗದದ ಮೇಲೆ ಒಂದೆರಡು ಅಚ್ಚು ತೆಗೆದು ಖಾಲಿ ಮಾಡಿ.
- ಅಂಚು ಎರಡೆರಡಾಗಿ ಕಾಣುವುದು: ಕಾಗದ ಜರುಗಿದೆ.
- ಬಿಳಿ ಜಾಗದಲ್ಲಿ ಬೇಡದ ಗೀರುಗಳು: ಕೆತ್ತಿದ ತಳದ ಏಣುಗಳಿಗೆ ಶಾಯಿ ತಾಗಿದೆ. ತೆಗೆದುಹಾಕುವ ಮುಂಚೆ ಒಮ್ಮೆ ನೋಡಿ. ಎಷ್ಟೋ ಸಲ ಆ ಗೀರುಗಳೇ ಗಾಳಿಯಂತೆ ಕಾಣುತ್ತವೆ, ನಾನಾದರೆ ಅರ್ಧ ಉಳಿಸಿಕೊಳ್ಳುತ್ತೇನೆ.

ಎಣ್ಣೆಯ ಶಾಯಿಯನ್ನು ಅಡುಗೆ ಎಣ್ಣೆಯಲ್ಲಿ ಒರೆಸಿ, ಆಮೇಲೆ ಸೋಪು ನೀರಿನಲ್ಲಿ ತೊಳೆದರೆ ಸಾಕು, ಟರ್ಪೆಂಟೈನ್ ಬೇಕಿಲ್ಲ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಹೀರಿದ ಬಟ್ಟೆ ಗಾಳಿಯ ಆಮ್ಲಜನಕದ ಜೊತೆ ಸೇರಿ ತನ್ನಷ್ಟಕ್ಕೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಬಿಡಿಸಿ ಹರವಿ, ಹೊರಗೆ ಒಣಗಿಸಿ, ಆಮೇಲೆ ಬಿಸಾಡಿ.

ಹಂತ 8: ಸಂಖ್ಯೆ ಹಾಕುವುದು, ಜೋಡಿಸುವುದು, ಹಂಚುವುದು

ಒಂದೇ ಬಗೆಯಾಗಿ ಬಂದ ಪ್ರತಿಗಳ ಗುಂಪಿಗೆ ಎಡಿಷನ್ ಅನ್ನುತ್ತಾರೆ. ಹನ್ನೆರಡು ಪ್ರತಿ ತೆಗೆದಿದ್ದರೆ ಚಿತ್ರದ ಕೆಳಗೆ ಎಡಕ್ಕೆ 1/12, 2/12 ಎಂದು, ನಡುವೆ ಹೆಸರು, ಬಲಕ್ಕೆ ಸಹಿ, ಎಲ್ಲವೂ ಪೆನ್ಸಿಲಿನಲ್ಲಿ. ಕಲಾವಿದ ತನಗೆಂದು ಇಟ್ಟುಕೊಳ್ಳುವ ಒಂದೆರಡಕ್ಕೆ 'ಎ/ಪಿ' (ಆರ್ಟಿಸ್ಟ್ಸ್ ಪ್ರೂಫ್) ಎಂದು ಬರೆಯುವ ರೂಢಿ. ಸಂಖ್ಯೆ ಹಾಕಿದ ಮೇಲೆ ಅದೇ ಲಿನೋದಿಂದ ಗುಟ್ಟಾಗಿ ಇನ್ನಷ್ಟು ತೆಗೆಯುವುದು ಮೋಸ.

ಕವಿತೆ ಎಲ್ಲಿ? ನಡುವೆ ಮಡಚಿದ ಹಾಳೆಯ ಬಲಪುಟದಲ್ಲಿ ಅಚ್ಚು, ಎಡಪುಟದಲ್ಲಿ ಕವಿತೆ ಇಟ್ಟರೆ ಎರಡೂ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ. ಆದರೆ ನನಗೆ ಸರಿಯೆನ್ನಿಸುವುದು ಕವಿತೆಯನ್ನು ಹೊರಪುಟದಲ್ಲಿಟ್ಟು, ಹಾಳೆ ತೆರೆದ ಮೇಲೆ ಅಚ್ಚು ಸಿಗುವಂತೆ ಮಾಡುವುದು. ಓದುಗ ಕವಿತೆ ಓದಿ ತನ್ನದೊಂದು ಚಿತ್ರ ಕಟ್ಟಿಕೊಂಡಿರುತ್ತಾನೆ. ಒಳಗೆ ಬೇರೇನೋ ಇರುತ್ತದೆ. ಎಣ್ಣೆಯ ಶಾಯಿಯಾದರೆ ಪೂರ್ತಿ ಒಣಗುವ ತನಕ, ಅಂದರೆ ವಾರ ಹತ್ತು ದಿನ, ಮಡಚಬೇಡಿ. ದಾರಿಯ ಹೆಸರು, ತಿಂಗಳು ಹಿಂಬದಿಯಲ್ಲಿ ಚಿಕ್ಕದಾಗಿ ಬರೆದರೆ ಸಾಕು. ಅಪರೂಪದ ಗಿಡ, ಗೂಡು ಇರುವ ಜಾಗವಾದರೆ ಅದನ್ನೂ ಬರೆಯಬೇಡಿ.

ಎಷ್ಟು ಮಾರಬೇಕು, ಎಷ್ಟು ಕೊಡಬೇಕು ಎನ್ನುವುದು ನಿಮ್ಮ ಇಷ್ಟ. ದಿನಾಂಕ ನಮೂದಾಗಿರುವ, ಇಡಿಯಾಗಿ ಉಳಿದಿರುವ ಮುದ್ರಿತ ಪುಸ್ತಕಗಳಲ್ಲಿ ಅತಿ ಹಳೆಯದು ಚೀನಾದ ದುನ್‌ಹುವಾಂಗ್ ಗುಹೆಯಲ್ಲಿ ಸಿಕ್ಕ, ವಜ್ರಸೂತ್ರ ಎಂಬ ಬೌದ್ಧ ಗ್ರಂಥದ ಪ್ರತಿ. ಮರದ ಹಲಗೆಯಿಂದ ಅಚ್ಚು ಹಾಕಿ ಹಾಳೆಗಳನ್ನು ಅಂಟಿಸಿದ, ಸುಮಾರು 5 ಮೀಟರ್ ಉದ್ದದ ಸುರುಳಿ ಅದು. ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ವಾಂಗ್ ಜಿಯೆ ಎಂಬಾತ ತನ್ನ ತಂದೆತಾಯಿಯ ಹೆಸರಿನಲ್ಲಿ ಎಲ್ಲರಿಗೂ ಉಚಿತವಾಗಿ ಹಂಚಲು ಮಾಡಿಸಿದ್ದೆಂದು ಅದರ ಕೊನೆಯಲ್ಲಿ ಅಚ್ಚಾಗಿದೆ. ದಿನಾಂಕ ನಮ್ಮ ಲೆಕ್ಕಕ್ಕೆ 868ರ ಮೇ 11. ಹನ್ನೆರಡರಲ್ಲಿ ನಾಲ್ಕು ಪ್ರತಿಯನ್ನಾದರೂ ಬೆಲೆಯಿಲ್ಲದೆ ಕೊಡಿ ಎಂದು ನಾನು ಹೇಳುವುದು ಈ ಪರಂಪರೆ ನೋಡಿಯೇ. ಮೊದಲ ಪ್ರತಿಯನ್ನು ಆ ದಾರಿಯಲ್ಲಿ ನಿಮ್ಮ ಜೊತೆ ನಡೆದವರಿಗೋ, ಹಿಂತಿರುಗುವ ಹೊತ್ತನ್ನು ನೀವು ತಿಳಿಸಿ ಹೋಗಿದ್ದವರಿಗೋ ಕೊಡಬಹುದು.

ಉಳಿದ ಲಿನೋವನ್ನು ತೊಳೆದು, ಒರೆಸಿ, ಸಮತಟ್ಟಾಗಿ ಮಲಗಿಸಿ, ಬಿಸಿಲು ಬೀಳದ ಕಡೆ ಇಡಿ. ವರ್ಷ ಕಳೆದಂತೆ ಅದು ಗಟ್ಟಿಯಾಗಿ ಬಿರುಸಾಗುತ್ತದೆ, ಹಾಗಾಗಿ ಇನ್ನೇನಾದರೂ ಕೆತ್ತುವುದಿದ್ದರೆ ತಡಮಾಡಬೇಡಿ. ಹಿಂಬದಿಯ ಗೋಣಿಬಟ್ಟೆಯ ಮೇಲೆ ಯಾವ ದಾರಿ, ಯಾವ ಪುಟ ಎಂದು ಮಾರ್ಕರಿನಲ್ಲಿ ಬರೆದಿಡಿ.